ಅಂಗಡಿಗೆ ವೈರ್ ಇರುವ ಕೀಬೋರ್ಡೇ ಸಾಕಾ, ವೈರ್‌ಲೆಸ್ ಬೇಕಾ?

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಎರಡು ಡೆಸ್ಕ್‌ಟಾಪ್‌ಗಳಿವೆ. ದಿನವಿಡೀ ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸ. ಎರಡೂ ಕಂಪ್ಯೂಟರಿನ ಕೀಬೋರ್ಡ್, ಮೌಸ್ ಹಳತಾಗಿವೆ. ಕೊಳ್ಳಲು ಹೋದರೆ ‘ಈಗ ಯಾರು ಮೇಡಂ ವೈರ್ ತೊಗೋತಾರೆ’ ಅಂತ ವೈರ್‌ಲೆಸ್ ಜೋಡಿಯನ್ನೇ ತೋರಿಸುತ್ತಾರೆ. ನನಗೆ ಧೈರ್ಯ ಬರುತ್ತಿಲ್ಲ. ಮನೆಯ ಲ್ಯಾಪ್‌ಟಾಪಿಗೆ ತಂದ ವೈರ್‌ಲೆಸ್ ಮೌಸ್, ಹಾರ್ಡ್‌ಡಿಸ್ಕಿನಿಂದ ಫೋಟೊ ಕಾಪಿ ಮಾಡುವಾಗ ನಿಂತು ನಿಂತು ಓಡುತ್ತದೆ. ಬೇರೆ ಮೌಸ್ ತಂದೆ, ಅದೂ ಹಾಗೇ. ಏನು ತೆಗೆದುಕೊಳ್ಳಲಿ?

ಉತ್ತರ: ಮೊದಲು ಮನೆಯ ಮೌಸಿನ ಕಥೆ ಮುಗಿಸೋಣ. ನಿಮ್ಮ ಮೌಸ್ ಕೆಟ್ಟಿಲ್ಲ. ಎರಡನೆಯದೂ ಕೆಟ್ಟಿರಲಿಲ್ಲ. ನೀವು ಡಾಂಗಲ್, ಅಂದರೆ ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ತುಣುಕು, ಸಿಕ್ಕಿಸಿರುವ ಜಾಗ ಸರಿಯಿಲ್ಲ, ಅಷ್ಟೇ.

ವೈರ್‌ಲೆಸ್ ಮೌಸ್ ಅಂದರೆ ಒಂದು ಪುಟ್ಟ ರೇಡಿಯೊ. ಅದು ಮಾತಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಈ ಪಟ್ಟಿ ಬಳಸಲು ಯಾರೂ ಲೈಸೆನ್ಸ್ ತೆಗೆದುಕೊಳ್ಳಬೇಕಿಲ್ಲ. ಹಾಗಾಗಿ ವೈ-ಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಸೇರಿಕೊಂಡಿವೆ. ಅದಕ್ಕೆ ಇನ್ನೊಬ್ಬ ಗಲಾಟೆಗಾರ ಬಂದು ಸೇರಿದ್ದು ಯುಎಸ್‌ಬಿ 3.0. ನಿಮ್ಮ ಹಾರ್ಡ್‌ಡಿಸ್ಕಿನ ವೈರಿನ ತುದಿ ನೀಲಿ ಬಣ್ಣದ್ದಿದ್ದರೆ ಅದು ಇದೇ. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಹರಿಯುವಾಗ ಆ ವೈರ್ ಮತ್ತು ಸಾಕೆಟ್ಟಿನಿಂದ ರೇಡಿಯೊ ಸದ್ದು ಸೋರುತ್ತದೆ, ಅದೂ ಸರಿಯಾಗಿ 2.4 ಗಿಗಾಹರ್ಟ್ಸಿನ ಆಸುಪಾಸಿನಲ್ಲೇ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು, ಬರೆದು ಪ್ರಕಟಿಸಿದೆ. ಮೌಸಿನಿಂದ ಬರುವ ಸಿಗ್ನಲ್ ಕೆಲವೇ ಮಿಲಿವ್ಯಾಟಿನದು. ಹಾರ್ಡ್‌ಡಿಸ್ಕಿನ ಪಕ್ಕದ ಸಾಕೆಟ್ಟಿನಲ್ಲೇ ಡಾಂಗಲ್ ಇದ್ದರೆ ಅದರ ಪಾಡು ಹೇಗಿರುತ್ತದೆ ಗೊತ್ತಾ? ನಿಮ್ಮೂರ ಮಾರಿಜಾತ್ರೆಯಲ್ಲಿ ಮೈಕಿನ ಬುಡದಲ್ಲಿ ನಿಂತು ಯಾರದೋ ಪಿಸುಮಾತು ಕೇಳಿಸಿಕೊಳ್ಳಲು ಹೆಣಗಿದ ಹಾಗೆ. ಕಾಪಿ ಮುಗಿದ ತಕ್ಷಣ ಮೌಸ್ ಸರಿಯಾಗುತ್ತದೆ, ಅಲ್ವಾ? ಮೈಕ್ ನಿಂತಿತು.

ಇದಕ್ಕೆ ದುಡ್ಡು ಖರ್ಚಿಲ್ಲ. ಹಾರ್ಡ್‌ಡಿಸ್ಕನ್ನು ಲ್ಯಾಪ್‌ಟಾಪಿನ ಎಡಕ್ಕೆ, ಡಾಂಗಲ್ ಅನ್ನು ಬಲಕ್ಕೆ ಹಾಕಿ. ಎಲ್ಲ ಸಾಕೆಟ್ಟೂ ಒಂದೇ ಬದಿಗಿದ್ದರೆ ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ಅದರ ತುದಿಗೆ ಡಾಂಗಲ್ ಸಿಕ್ಕಿಸಿ, ಮೌಸ್ ಹತ್ತಿರ ಇಡಿ. ವೈರ್ ಬೇಡ ಅಂತ ವೈರ್‌ಲೆಸ್ ತಂದು ಈಗ ಅದಕ್ಕೇ ವೈರ್ ಹಾಕುವುದಾ ಅಂತ ನಗು ಬರಬಹುದು. ಆದರೆ ನನ್ನ ರಿಪೇರಿ ಟೇಬಲ್ಲಿಗೆ ‘ಕೆಟ್ಟ ವೈರ್‌ಲೆಸ್ ಮೌಸ್’ ಅಂತ ಬರುವವುಗಳಲ್ಲಿ ಎಷ್ಟೋ ಈ ಒಂದು ಉಪಾಯಕ್ಕೇ ಸರಿಹೋಗಿ ವಾಪಸ್ ಹೋಗುತ್ತವೆ.

ಇನ್ನು ಅಂಗಡಿಗೆ ಬರೋಣ. ಅಲ್ಲಿ ನನ್ನ ಸಲಹೆ ಬೇರೆ. ಎರಡೂ ಕಂಪ್ಯೂಟರಿಗೆ ವೈರ್ ಇರುವ ಕೀಬೋರ್ಡನ್ನೇ ತೆಗೆದುಕೊಳ್ಳಿ. ಟೈಪಿಂಗ್ ಟೇಬಲ್ಲಿನ ಮೌಸ್ ಕೂಡ ವೈರಿನದ್ದೇ ಇರಲಿ. ಗಿರಾಕಿಗಳ ಮುಂದಿರುವ ಕಂಪ್ಯೂಟರಿನ ಮೌಸ್ ಮಾತ್ರ ಬೇಕಿದ್ದರೆ ವೈರ್‌ಲೆಸ್ ಇರಲಿ. ಕೀಬೋರ್ಡ್ ಮತ್ತು ಮೌಸ್ ಒಂದೇ ಡಬ್ಬಿಯಲ್ಲಿ ಬರುವ ವೈರ್‌ಲೆಸ್ ಜೋಡಿಯನ್ನು ನಿಮ್ಮಂಥ ಅಂಗಡಿಗೆ ನಾನು ಹೇಳುವುದಿಲ್ಲ.

ಯಾಕೆ ಅಂದರೆ, ಮೌಸ್ ಮತ್ತು ಕೀಬೋರ್ಡ್ ಒಂದೇ ಥರದ ವಸ್ತುಗಳಲ್ಲ. ನಾವು ಸುಮ್ನೆ ಜೋಡಿಯಾಗಿ ಕೊಂಡು ಅಭ್ಯಾಸ. ಮೌಸ್ ದಿನವಿಡೀ ಓಡಾಡುವ ವಸ್ತು. ವೈರ್ ಇದ್ದರೆ ಅದು ಟೇಬಲ್ಲಿನ ಅಂಚಿಗೆ ಉಜ್ಜುತ್ತದೆ, ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ, ಕೈಯನ್ನು ಹಿಂದಕ್ಕೆಳೆಯುತ್ತದೆ. ಅಲ್ಲಿ ವೈರ್ ಹೋದರೆ ನಿಜಕ್ಕೂ ಸುಖ. ಕೀಬೋರ್ಡ್ ಹಾಗಲ್ಲ. ಇಟ್ಟ ಜಾಗದಲ್ಲೇ ಇರುತ್ತದೆ. ಅದರ ವೈರ್ ಮಾನಿಟರಿನ ಹಿಂದೆ ಹೋದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ವೈರ್ ತೆಗೆಯಲು ದುಡ್ಡು ಕೊಟ್ಟು, ಆಮೇಲೆ ಸೆಲ್ಲಿಗೂ ಕೊಡುತ್ತಾ ಇರುವುದರಲ್ಲಿ ಏನು ಲಾಭ?

ಎರಡನೆಯದು ಕನ್ನಡ ಟೈಪಿಂಗಿಗೇ ಸೇರಿದ ಮಾತು. ಮೌಸಿನ ಒಂದೆರಡು ಸಿಗ್ನಲ್ ಕಳೆದುಹೋದರೆ ಕರ್ಸರ್ ಚೂರು ಎಗರುತ್ತದೆ, ಕೈಯೇ ಸರಿಮಾಡಿಕೊಳ್ಳುತ್ತದೆ. ಕೀಬೋರ್ಡಿನ ಒಂದು ಕೀ ಕಳೆದುಹೋದರೆ ಅದು ತಪ್ಪಾಗಿ ಕಾಗದದ ಮೇಲೆ ಉಳಿಯುತ್ತದೆ. ನುಡಿಯಲ್ಲಿ ನೀವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಗಳ ವಿನ್ಯಾಸ. ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ‘ಅಕ್ಕ’ ಅಂತ ಬರೆಯಲು ಎ, ಕೆ, ಎಫ್, ಕೆ. ಆ ಎಫ್ ಒಂದು ತಲುಪದಿದ್ದರೆ ‘ಅಕಕ’. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬಿಟ್ಟುಹೋದರೆ ಪದದ ಕೆಳಗೆ ಕೆಂಪು ಗೆರೆ ಬರುತ್ತದೆ. ನುಡಿಯಲ್ಲಿ ಹಾಕಿದ ಕ್ರಯಪತ್ರದಲ್ಲಿ ಅದನ್ನು ಹಿಡಿಯಬೇಕಾದ್ದು ನಿಮ್ಮ ಕಣ್ಣೇ. ಒಂದು ಹೆಸರಿನ ಒತ್ತು ಹೋಗಿ, ಛಾಪಾ ಕಾಗದದ ಮೇಲೆ ಪ್ರಿಂಟ್ ಆದಮೇಲೆ ಗೊತ್ತಾದರೆ ಏನಾಗುತ್ತದೆ ಅಂತ ನಾನು ನಿಮಗೆ ಹೇಳಬೇಕಿಲ್ಲ.

ಒಳ್ಳೆಯ ವೈರ್‌ಲೆಸ್ ಕೀಬೋರ್ಡ್, ಡಾಂಗಲ್ ಹತ್ತಿರದಲ್ಲಿದ್ದರೆ, ಹೀಗೆ ಕೀ ನುಂಗುವುದಿಲ್ಲ. ಅದು ನಿಜ. ಆದರೆ ನಿಮ್ಮ ಅಂಗಡಿಯಲ್ಲಿ ಡಾಂಗಲ್ ಎಲ್ಲಿರುತ್ತದೆ? ಟೇಬಲ್ ಕೆಳಗಿನ ಕ್ಯಾಬಿನೆಟ್ಟಿನ ಹಿಂದೆ, ಗೋಡೆಗೆ ಅಂಟಿಕೊಂಡು. ನಡುವೆ ಒಂದು ಪೂರ್ತಿ ಕಬ್ಬಿಣದ ಡಬ್ಬಿ. ಪಕ್ಕದಲ್ಲಿ ವೈ-ಫೈ ರೂಟರ್, ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳು. ಜೊತೆಗೆ ಸೆಲ್ ಮುಗಿಯುತ್ತಾ ಬಂದಾಗ ಕೀಬೋರ್ಡ್ ಒಮ್ಮೆಲೇ ಸಾಯುವುದಿಲ್ಲ. ಎರಡು ದಿನ ಅಲ್ಲೊಂದು ಇಲ್ಲೊಂದು ಅಕ್ಷರ ನುಂಗಿ ಆಮೇಲೆ ಸಾಯುತ್ತದೆ. ಸುಮ್ಮನೆ ಬಿಟ್ಟಾಗ ಸೆಲ್ ಉಳಿಸಲು ನಿದ್ದೆಗೂ ಜಾರುತ್ತದೆ. ಕೆಲವು ಕೀಬೋರ್ಡ್‌ಗಳಲ್ಲಿ ಎಬ್ಬಿಸಲು ಒತ್ತಿದ ಮೊದಲ ಕೀ ಲೆಕ್ಕಕ್ಕೇ ಬರುವುದಿಲ್ಲ.

‘ವೈರ್‌ಲೆಸ್ ನಿಧಾನ’ ಎಂಬ ಮಾತನ್ನು ಮಾತ್ರ ನಂಬಬೇಡಿ. ಸಾಮಾನ್ಯ ಯುಎಸ್‌ಬಿ ಮೌಸನ್ನು ಕಂಪ್ಯೂಟರ್ ಸೆಕೆಂಡಿಗೆ 125 ಸಲ ವಿಚಾರಿಸುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ವೈರ್‌ಲೆಸ್‌ನದ್ದೂ ಹೆಚ್ಚುಕಡಿಮೆ ಅಷ್ಟೇ. ನೀವು ನಿಮಿಷಕ್ಕೆ 300 ಕೀ ಒತ್ತುವ ಗಟ್ಟಿ ಟೈಪಿಸ್ಟ್ ಆಗಿದ್ದರೂ ಒಂದು ಕೀಗೂ ಇನ್ನೊಂದಕ್ಕೂ ನಡುವೆ 200 ಮಿಲಿಸೆಕೆಂಡ್ ಇರುತ್ತದೆ. ಅದರಲ್ಲಿ 8 ಯಾವ ಲೆಕ್ಕ? ಸೆಕೆಂಡಿಗೆ 1000 ಸಲ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದೆಲ್ಲ ಗೇಮ್ ಆಡುವವರಿಗೆ. ಅವರಿಗೂ ಈಗ ಅಷ್ಟೇ ವೇಗದ ವೈರ್‌ಲೆಸ್ ಮೌಸ್ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ.

ನಿಮ್ಮ ಅಂಗಡಿಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಮಾರುವವರು ಹೇಳುವುದಿಲ್ಲ. ನೀವು ಟೈಪ್ ಮಾಡುವುದು ಬೇರೆಯವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಪಾಸ್‌ವರ್ಡ್, ಒಟಿಪಿ. ವೈರ್‌ಲೆಸ್ ಕೀಬೋರ್ಡಿನಲ್ಲಿ ಒತ್ತಿದ ಪ್ರತಿ ಕೀಯೂ ಗಾಳಿಯಲ್ಲಿ ಹೋಗುತ್ತದೆ. ಗೂಢಲಿಪಿಯಲ್ಲಿ ಹೋದರೆ ತೊಂದರೆಯಿಲ್ಲ, ಆದರೆ ಎಲ್ಲವೂ ಹಾಗೆ ಹೋಗುವುದಿಲ್ಲ. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಸಂಸ್ಥೆಯವರು ಎರಡು ವಿಷಯ ತೋರಿಸಿದರು. ಒಂದು, ಹಲವು ಕಂಪನಿಗಳ ಅಗ್ಗದ ಕೀಬೋರ್ಡ್‌ಗಳು ಒತ್ತಿದ್ದನ್ನು ಇದ್ದ ಹಾಗೇ ಕಳಿಸುತ್ತಿದ್ದವು. ಸುಮಾರು 75 ಮೀಟರ್ ದೂರದಿಂದ ಅದನ್ನು ಓದಬಹುದಿತ್ತು. ಇನ್ನೊಂದು, ದೊಡ್ಡ ಹೆಸರಿನ ಕಂಪನಿಗಳ ಕೆಲವು ವೈರ್‌ಲೆಸ್ ಮೌಸ್‌ಗಳ ಡಾಂಗಲ್‌ಗೇ ಸುಳ್ಳು ಹೇಳಿ, ತಾನೇ ಕೀಬೋರ್ಡ್ ಅಂತ ನಂಬಿಸಿ, ದೂರದಿಂದ ಟೈಪ್ ಮಾಡಬಹುದಿತ್ತು. ಇದಕ್ಕೆ ಅವರು ಕೊಟ್ಟ ಹೆಸರು ಮೌಸ್‌ಜ್ಯಾಕ್. ಆಮೇಲೆ ಎಷ್ಟೋ ಕಂಪನಿಗಳು ಸರಿಪಡಿಸಿದವು. ಈಗ ಒಳ್ಳೆಯ ಕೀಬೋರ್ಡಿನ ಡಬ್ಬಿಯ ಮೇಲೆ ಎಇಎಸ್ 128 ಬಿಟ್ ಎಂದು ಗೂಢಲಿಪಿಯ ಹೆಸರು ಬರೆದಿರುತ್ತದೆ. ಹೆಸರೇ ಕೇಳಿರದ ಕಂಪನಿಯ ಅಗ್ಗದ ಜೋಡಿಯಲ್ಲಿ ಏನಿದೆ ಅಂತ ಬಿಚ್ಚಿ ನೋಡಿದರೂ ತಿಳಿಯುವುದಿಲ್ಲ.

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಆಂಟೆನಾ ಹಿಡಿದು ಕೂತಿದ್ದಾರೆ ಅಂತ ನಾನು ಹೆದರಿಸುತ್ತಿಲ್ಲ. ಜೆರಾಕ್ಸ್ ಅಂಗಡಿಗಳಲ್ಲಿ ಪಾಸ್‌ವರ್ಡ್ ಸೋರುವುದು ಮಾನಿಟರಿಗೆ ಅಂಟಿಸಿದ ಹಳದಿ ಚೀಟಿಯಿಂದಲೇ ಜಾಸ್ತಿ. ಆದರೂ ಊರವರ ಒಟಿಪಿ ನಿಮ್ಮ ಕೈಯಲ್ಲಿ ಹಾದುಹೋಗುವಾಗ, ಹೆಚ್ಚು ದುಡ್ಡು ಕೊಟ್ಟು ಇಲ್ಲದ ಒಂದು ಕಿಂಡಿಯನ್ನು ಯಾಕೆ ತೆರೆಯಬೇಕು?

ಈಗ ವೈರಿನ ಕಷ್ಟಗಳನ್ನೂ ಹೇಳಬೇಕು. ಇಲ್ಲದಿದ್ದರೆ ಒಂದು ಕಡೆ ವಾಲಿದ ಹಾಗಾಗುತ್ತದೆ. ವೈರ್ ಮೌಸ್ ಸಾಯುವುದು ಸಾಮಾನ್ಯವಾಗಿ ಕುತ್ತಿಗೆಯಲ್ಲಿ, ವೈರ್ ಒಳಗೆ ಹೋಗುವ ಜಾಗದಲ್ಲಿ. ಬಗ್ಗಿ ಬಗ್ಗಿ ಒಳಗಿನ ತಂತಿ ಮುರಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ವೈರ್ ಹಿಡಿದು ಅಲ್ಲಾಡಿಸಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ವೈರನ್ನು ಮೌಸಿಗೇ ಸುತ್ತಿಡುವವರ ಮೌಸ್ ಬೇಗ ಹೀಗಾಗುತ್ತದೆ. ದಯವಿಟ್ಟು ಸುತ್ತಬೇಡಿ. ಇನ್ನು ಮಲೆನಾಡಿನ ಅಂಗಡಿ ಅಂದಮೇಲೆ ಇಲಿ ಇದ್ದದ್ದೇ. 1964ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮರದ ಡಬ್ಬಿಯಲ್ಲಿ ಮೊದಲ ಮೌಸ್ ಮಾಡಿದಾಗ ಅದಕ್ಕೊಂದು ಬಾಲವಿತ್ತು, ಇಲಿ ಥರ ಕಂಡಿತು, ಹೆಸರು ನಿಂತಿತು. ನನ್ನ ಹತ್ತಿರ ಒಮ್ಮೆ ಬಂದ ಮೌಸಿನ ಬಾಲವನ್ನು ನಿಜವಾದ ಇಲಿ ಮೂರು ಕಡೆ ಕಡಿದಿತ್ತು. ಬಿಸ್ಕತ್ತಿನ ಚೂರು ಟೇಬಲ್ ಕೆಳಗೆ ಬೀಳದಂತೆ ನೋಡಿಕೊಳ್ಳಿ, ಬೇರೆ ಮದ್ದು ನನಗೆ ಗೊತ್ತಿಲ್ಲ.

ವೈರ್‌ಲೆಸ್‌ಗೆ ಸುಮ್ಮನೆ ಬಿದ್ದಿರುವುದು ಆಗಿಬರುವುದಿಲ್ಲ. ಶಾಲೆಗಳಿಂದ ಬೇಸಿಗೆ ರಜೆಯ ನಂತರ ಬರುವ ವೈರ್‌ಲೆಸ್ ಮೌಸ್‌ಗಳನ್ನು ತೆರೆದರೆ ಸೆಲ್ ಸೋರಿ, ಸ್ಪ್ರಿಂಗಿಗೆಲ್ಲ ಬಿಳಿ, ಹಸಿರು ಪುಡಿ ಹಿಡಿದಿರುತ್ತದೆ. ಅಗ್ಗದ ಜಿಂಕ್ ಕಾರ್ಬನ್ ಸೆಲ್ ಇದರಲ್ಲಿ ಮುಂದು. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ಪುಡಿ ಸ್ವಲ್ಪವೇ ಇದ್ದರೆ ಬೆಂಕಿಕಡ್ಡಿಯ ತುದಿಯಿಂದ ಕೆರೆದು ಒಣಬಟ್ಟೆಯಲ್ಲಿ ಒರೆಸಿದರೆ ಮೌಸ್ ಬದುಕಬಹುದು. ರೀಚಾರ್ಜ್ ಮಾಡುವ ಸೆಲ್ ಹಾಕಿದರೆ ಉಳಿತಾಯ. ಆದರೆ ಅದು 1.2 ವೋಲ್ಟಿನದು, ಮಾಮೂಲಿ ಸೆಲ್ 1.5. ಹಾಗಾಗಿ ಚಾರ್ಜ್ ಇದ್ದರೂ ಕೆಲವು ಮೌಸ್ ‘ಸೆಲ್ ಕಡಿಮೆ’ ಅಂತ ಬೊಬ್ಬೆ ಹೊಡೆಯುತ್ತವೆ. ಒಳಗೇ ಬ್ಯಾಟರಿ ಇರುವ ಮೌಸ್ ಕೊಂಡರೆ ಚಾರ್ಜ್ ಮಾಡುತ್ತಲೇ ಬಳಸಲು ಆಗುತ್ತದಾ ನೋಡಿ. ಆ್ಯಪಲ್‌ನಂಥ ಕಂಪನಿಯೇ 2015ರಲ್ಲಿ ಚಾರ್ಜಿಂಗ್ ತೂತನ್ನು ಮೌಸಿನ ಹೊಟ್ಟೆಗೆ ಇಟ್ಟುಬಿಟ್ಟಿತು. ಚಾರ್ಜ್ ಆಗುವಷ್ಟು ಹೊತ್ತು ಅದು ಸತ್ತ ಇಲಿಯಂತೆ ಅಂಗಾತ ಮಲಗಿರಬೇಕು.

ಗಿರಾಕಿಗಳ ಮುಂದಿನ ಕಂಪ್ಯೂಟರಿಗೆ ವೈರ್‌ಲೆಸ್ ಮೌಸ್ ಆಗಬಹುದು ಎಂದೆ. ಅಲ್ಲಿ ‘ಹೆಸರು ಸರಿ ಇದೆಯಾ ನೋಡಿ’ ಅಂತ ಮಾನಿಟರ್ ತಿರುಗಿಸುತ್ತೀರಿ, ಕಾಗದ ಹರಡುತ್ತೀರಿ, ಮೌಸ್ ಆಚೀಚೆ ಸರಿಯುತ್ತದೆ. ವೈರ್ ಇಲ್ಲದಿದ್ದರೆ ಅನುಕೂಲ. ತೆಗೆದುಕೊಳ್ಳುವುದಾದರೆ ಹೊಟ್ಟೆಯಲ್ಲಿ ಡಾಂಗಲ್ ಇಡುವ ಜಾಗ ಇರುವುದನ್ನೇ ನೋಡಿ. ಮಾಮೂಲಿ ವೈರ್‌ಲೆಸ್ ಮೌಸಿಗೂ ಅದರ ಡಾಂಗಲ್‌ಗೂ ಕಾರ್ಖಾನೆಯಲ್ಲೇ ಗಂಟು ಹಾಕಿರುತ್ತಾರೆ. ಡಾಂಗಲ್ ಕಳೆದರೆ ಮೌಸ್ ಬರೀ ಪ್ಲಾಸ್ಟಿಕ್. ಜೋಡಿ ಕೊಂಡಿದ್ದರೆ ಕೀಬೋರ್ಡೂ ಹೋಯಿತು. ನಾನು ಜೋಡಿ ಬೇಡ ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ಇದಕ್ಕೆ ಹೊರತೂ ಇವೆ. ಲಾಜಿಟೆಕ್‌ನವರು 2009ರಲ್ಲಿ ತಂದ ‘ಯೂನಿಫೈಯಿಂಗ್’ ಎಂಬ, ಕಿತ್ತಳೆ ಗುರುತಿನ ಡಾಂಗಲ್‌ಗೆ ಆ ಬಗೆಯ 6 ಸಾಧನಗಳ ತನಕ ಸೇರಿಸಬಹುದು. ಕಳೆದರೆ ಇನ್ನೊಂದು ತಂದು ಮತ್ತೆ ಹೊಂದಿಸಬಹುದು. ಅವರ ಅಗ್ಗದ ಮಾದರಿಗಳಿಗೆಲ್ಲ ಈ ಸೌಲಭ್ಯ ಇಲ್ಲ, ಗುರುತು ನೋಡಿಯೇ ಕೊಳ್ಳಿ.

ಮುಂದೆ ಎಂದಾದರೂ ಒಂದೇ ಮಾದರಿಯ ಎರಡು ವೈರ್‌ಲೆಸ್ ಮೌಸ್ ತಂದರೆ ಮೌಸಿಗೂ ಅದರ ಡಾಂಗಲ್‌ಗೂ ಒಂದೇ ಬಣ್ಣದ ನೇಲ್ ಪಾಲಿಶ್ ಚುಕ್ಕಿ ಇಡಿ. ಗುಡಿಸುವಾಗ ಟೇಬಲ್ ಮೇಲಿನ ಮೌಸ್ ಅದಲುಬದಲಾಗಿ, ಇಲ್ಲಿ ಒತ್ತಿದರೆ ಅಲ್ಲಿ ಡಿಲೀಟ್ ಆದದ್ದನ್ನು ನಾನು ನೋಡಿದ್ದೇನೆ. ಆ ಅಂಗಡಿಯವರು ವೈರಸ್ ಬಂದಿದೆ ಅಂತ ನನ್ನನ್ನು ಕರೆಸಿದ್ದರು.

ನಿಮ್ಮ ಕೌಂಟರಿಗೆ ಗಾಜು ಹಾಸಿದೆಯಾ? ಅದರ ಕೆಳಗೆ ವಿಸಿಟಿಂಗ್ ಕಾರ್ಡು, ರೇಟ್ ಪಟ್ಟಿ, ದೇವರ ಫೋಟೊ? ಹಾಗಿದ್ದರೆ ವೈರ್ ಇರಲಿ ಬಿಡಲಿ, ಸಾಮಾನ್ಯ ಮೌಸ್ ಅದರ ಮೇಲೆ ಸರಿಯಾಗಿ ಓಡುವುದಿಲ್ಲ. ಮೌಸ್ ತನ್ನ ಕೆಳಗಿನ ನೆಲದ ಚಿತ್ರವನ್ನು ಮತ್ತೆ ಮತ್ತೆ ತೆಗೆದು, ಎಷ್ಟು ಸರಿದೆ ಅಂತ ಲೆಕ್ಕ ಹಾಕುತ್ತದೆ. ಪಾರದರ್ಶಕ ಗಾಜಿನಲ್ಲಿ ಅದಕ್ಕೆ ಹಿಡಿಯಲು ಗುರುತೇ ಸಿಗುವುದಿಲ್ಲ. ಒಂದು ಮೌಸ್ ಪ್ಯಾಡ್ ಹಾಕಿ, ಇಲ್ಲದಿದ್ದರೆ ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ಇನ್ನೊಂದು, ವೈರ್‌ಲೆಸ್ ಮೌಸಿನ ಕೆಳಗೆ ಕೆಂಪು ಬೆಳಕು ಕಾಣದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಕರೆಂಟ್ ಉಳಿಸಲು ಅನೇಕ ಮೌಸ್‌ಗಳಲ್ಲಿ ಕಣ್ಣಿಗೆ ಕಾಣದ ಬೆಳಕು ಹಾಕಿರುತ್ತಾರೆ.

ಬ್ಲೂಟೂತ್ ಬಗ್ಗೆ ನೀವು ಕೇಳಿಲ್ಲ, ಆದರೂ ಅಂಗಡಿಯವರು ತೋರಿಸಿಯೇ ತೋರಿಸುತ್ತಾರೆ. ಡಾಂಗಲ್ ಬೇಡ, ಸಾಕೆಟ್ ಉಳಿಯುತ್ತದೆ. ಮನೆಯ ಲ್ಯಾಪ್‌ಟಾಪಿಗೆ ಚೆನ್ನ. ಅಂಗಡಿಯ ಹಳೆಯ ಡೆಸ್ಕ್‌ಟಾಪಿನಲ್ಲಿ ಬ್ಲೂಟೂತ್ ಇರುವುದೇ ಅಪರೂಪ. ಇದ್ದರೂ ವಿಂಡೋಸ್ ಎದ್ದು ಕೂತಮೇಲೆಯೇ ಅದು ಕೆಲಸ ಶುರು ಮಾಡುವುದು. ನಾನೇ ಒಮ್ಮೆ ಮನೆಯ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಲು ಕೂತೆ. ‘ಯಾವುದಾದರೂ ಕೀ ಒತ್ತಿ’ ಅಂತ ಬಂತು. ಒತ್ತಿದೆ. ಏನೂ ಆಗಲಿಲ್ಲ. ನನ್ನ ಹತ್ತಿರ ಇದ್ದದ್ದು ಬ್ಲೂಟೂತ್ ಕೀಬೋರ್ಡ್ ಒಂದೇ. ಭಾನುವಾರ ಸಂಜೆ ಅಂಗಡಿ ಬಾಗಿಲು ತೆಗೆದು ಹಳೆಯ ವೈರ್ ಕೀಬೋರ್ಡ್ ತರಬೇಕಾಯಿತು. ಡಾಂಗಲ್ ಇರುವ ಕೀಬೋರ್ಡಿಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ. ಕಂಪ್ಯೂಟರ್ ಅದನ್ನು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಅಂತಲೇ ನೋಡುತ್ತದೆ.

ಕೊಳ್ಳುವಾಗ ಏನು ನೋಡಬೇಕು? ವೈರ್ ಕೀಬೋರ್ಡ್ 500ರಿಂದ 700 ರೂಪಾಯಿ, ವೈರ್ ಮೌಸ್ 250ರಿಂದ 400 ರೂಪಾಯಿ ಕೊಟ್ಟರೆ ಹೆಸರಿರುವ ಕಂಪನಿಯದ್ದೇ ಸಿಗುತ್ತದೆ. ಎರಡನ್ನೂ ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸಬೇಡಿ, ಕೈಯಿಂದ ಒತ್ತಿ ನೋಡಿ. ನಂಬರ್ ಪ್ಯಾಡ್ ಇರಲೇಬೇಕು. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯನ್ನು ಮೇಲಿನ ಸಾಲಿನಲ್ಲಿ ಹುಡುಕಿ ಒತ್ತುವುದು ಯಾರಿಗೆ ಬೇಕು? ಚೆಂದಕ್ಕೆ ಚಿಕ್ಕದು ಮಾಡಿದ ಕೀಬೋರ್ಡ್‌ಗಳಲ್ಲಿ ಮೊದಲು ಹಾರಿಹೋಗುವುದು ಅದೇ. ಸ್ಪೇಸ್ ಮತ್ತು ಎಂಟರ್ ಕೀಗಳನ್ನು ಮೂಲೆಯಲ್ಲೂ ಒತ್ತಿ, ಅಲ್ಲಿ ಸಿಕ್ಕಿಕೊಂಡರೆ ಬಿಟ್ಟುಬಿಡಿ. ನಿಮ್ಮ ಹುಡುಗರು ಕೀ ನೋಡಿ ಟೈಪ್ ಮಾಡುವವರಾದರೆ ಕನ್ನಡ ಸ್ಟಿಕ್ಕರ್ ತರುತ್ತೀರಿ. ಅದರಲ್ಲೂ ಎರಡು ಬಗೆ ಇವೆ. ನಿಮಗೆ ಬೇಕಾದ್ದು ನುಡಿಯ ವಿನ್ಯಾಸದ್ದು. ವಿಂಡೋಸ್‌ನಲ್ಲಿ ಮೊದಲೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸದ ಸ್ಟಿಕ್ಕರ್ ಅಂಟಿಸಿಕೊಂಡು ಒದ್ದಾಡಬೇಡಿ.

ದಿನಕ್ಕೆ ಎಂಟು ಗಂಟೆ ಟೈಪ್ ಮಾಡುವವರು ನೀವೇ ಆದರೆ, ಆ ಒಂದು ಟೇಬಲ್ಲಿಗೆ ಮೆಕ್ಯಾನಿಕಲ್ ಕೀಬೋರ್ಡ್ ಯೋಚಿಸಬಹುದು. ಮಾಮೂಲಿ ಕೀಬೋರ್ಡಿನಲ್ಲಿ ಎಲ್ಲ ಕೀಗಳಿಗೂ ಸೇರಿ ಕೆಳಗೊಂದು ರಬ್ಬರ್ ಹಾಳೆ ಇರುತ್ತದೆ, ವರ್ಷಗಳಲ್ಲಿ ಅದು ಸೊರಗುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಬೇರೆ ಸ್ವಿಚ್. ಬೆಲೆ 2,000 ರೂಪಾಯಿಯ ಆಸುಪಾಸಿನಿಂದ ಶುರು. ನೀಲಿ ಸ್ವಿಚ್ಚಿನದ್ದು ಮಾತ್ರ ತರಬೇಡಿ. ಅದರ ಟಕಟಕ ಸದ್ದಿಗೆ ಗಿರಾಕಿ ಹೇಳಿದ ಹೆಸರೇ ಕೇಳಿಸುವುದಿಲ್ಲ. ವೈರ್ ಬಿಚ್ಚಿ ಹಾಕುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಇಲಿ ಕಡಿದರೆ ವೈರ್ ಒಂದನ್ನೇ ಬದಲಿಸಿದರಾಯಿತು.

ಹೊಸದು ತಂದಮೇಲೆ ಕ್ಯಾಬಿನೆಟ್ಟಿನ ಮುಂದಿನ ಸಾಕೆಟ್ಟನ್ನು ಪೆನ್‌ಡ್ರೈವ್‌ಗಳಿಗೆ ಬಿಡಿ, ಕೀಬೋರ್ಡ್ ಮತ್ತು ಮೌಸ್ ಹಿಂದಿನ ಸಾಕೆಟ್ಟಿನಲ್ಲಿ ಇರಲಿ. ಹಿಂದೆ ನೇರಳೆ, ಹಸಿರು ಬಣ್ಣದ ದುಂಡು ಸಾಕೆಟ್ ಇದ್ದು, ನಿಮ್ಮ ಹಳೆಯ ಕೀಬೋರ್ಡ್ ನೇರಳೆಯದಕ್ಕೆ ಹಾಕುವಂಥದ್ದಾದರೆ ಕಂಪ್ಯೂಟರ್ ಆಫ್ ಮಾಡಿಯೇ ತೆಗೆಯಿರಿ, ಹಾಕಿರಿ. ಯುಎಸ್‌ಬಿಯ ಹಾಗೆ ನಡೆಯುತ್ತಿರುವಾಗಲೇ ಎಳೆಯುವ ಸಾಕೆಟ್ ಅಲ್ಲ ಅದು.

ಆ ಹಳೆಯ ಎರಡು ಕೀಬೋರ್ಡ್‌ಗಳಲ್ಲಿ ಎಲ್ಲ ಕೀ ಸರಿಯಾಗಿ ಕೆಲಸ ಮಾಡುವ ಒಂದನ್ನು ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಪಾಟಿನ ಮೇಲಿಡಿ. ಭಾನುವಾರ ಸಂಜೆ ನನಗೆ ಬೇಕಾಗಿದ್ದು ಅಂಥದ್ದೇ ಒಂದು.